ಬಾಗಿಲಲ್ಲಿ ಇಬ್ಬರೇ ನಿಲ್ಲಬಹುದು

ಫಿನ್ಲೆಂಡಿನ ಔಲು. ಹೊರಗೆ ಸೊನ್ನೆಗಿಂತ ಇಪ್ಪತ್ತಾರು ಕೆಳಗೆ.
ಸೈಕಲ್ ರಿಪೇರಿ ಅಂಗಡಿಯ ಅಟ್ಟದಲ್ಲಿ
ಗುರುವಾರದ ಮೇಜು, ಚೌಕಳಿ ಕಾಗದ,
ಏಲಕ್ಕಿ ಬನ್ನಿನ ಪುಡಿ.
ಕೋಟಿನ ಗುಂಡಿಗಳೇ ಗಾಬ್ಲಿನ್‌ಗಳು,
ಉಪ್ಪಿನ ಡಬ್ಬಿ ರಕ್ಕಸ.
ಅವರವರ ಪಾತ್ರ ಅವರವರದು. ಉಳಿದದ್ದೆಲ್ಲ ನಾನು:
ಕತ್ತಲೆ, ಸೇತುವೆ, ಶತ್ರು.

ಮೊದಲ ಚಳಿಗಾಲದಲ್ಲಿ ಇವರನ್ನು
ಒಂಬತ್ತು ಸಲ ಕೊಂದೆ.
ಬೇಸರದಿಂದೇನಲ್ಲ, ಸುಳ್ಳು ಯಾಕೆ.
ಹಿಮ ತೆಗೆಯುವ ಲಾರಿ ಓಡಿಸುವ ತೌನೊ
ಕೊಡಲಿ ಎತ್ತಿ ಎಡಕ್ಕೆ ನುಗ್ಗುತ್ತಿದ್ದ.
ರಾತ್ರಿಪಾಳಿಯ ನರ್ಸ್ ಸೈಮಿ ಬಲಕ್ಕೆ,
ಇಲ್ಲೂ ಗಾಯ ಕಟ್ಟಲಾರೆ ಎಂದು
ಭರ್ಜಿ ಆರಿಸಿಕೊಂಡವಳು.
ಹದಿನೇಳರ ಎಲ್ಯಾಸ್ ಎಲ್ಲರಿಗಿಂತ ಮುಂದೆ,
ಮೊದಲೇ ಕಳ್ಳನ ಪಾತ್ರ, ಕಾಲಿಗೆ ಗಾಳಿ.
ಬೆಲ್ಲ ಕಂಡ ಇರುವೆಯ ಹಾಗೆ
ನನ್ನ ಗುಂಡಿಗಳು ಒಬ್ಬೊಬ್ಬರನ್ನೇ ಮುತ್ತುತ್ತಿದ್ದವು.

ಪಾಠ ಹೇಳಲಿಲ್ಲ. ಕೊಂದೆ, ಅವರೇ ಕಲಿತರು.
ಬಾಗಿಲಲ್ಲಿ ಇಬ್ಬರೇ ನಿಲ್ಲಬಹುದೆಂದರೆ
ಆ ಕಡೆಯಿಂದಲೂ ಇಬ್ಬರೇ ಬರಬಹುದು ಎಂದು
ತೌನೊಗೆ ಹೊಳೆದ ರಾತ್ರಿ
ನನ್ನ ಹದಿನಾಲ್ಕು ಗುಂಡಿಗಳಲ್ಲಿ ಹನ್ನೆರಡು
ಬಸ್ಸಿಗೆ ಕಾದವರ ಹಾಗೆ ಸಾಲುಗಟ್ಟಿ ನಿಂತವು.
ಅವನ ಹೆಗಲ ಮೇಲಿಂದ ಸೈಮಿಯ ಭರ್ಜಿ
ಒಲೆಗೆ ಸೌದೆ ನೂಕಿದಷ್ಟು ಸಲೀಸಾಗಿ
ಒಳಗೆ, ಹೊರಗೆ, ಒಳಗೆ.

ಅರ್ಧ ಸತ್ತ ಗಾಬ್ಲಿನ್‌ನ ಕತ್ತಿ
ಅರ್ಧ ಮೊಂಡಾಗಿರುವುದಿಲ್ಲ.
ಇಷ್ಟು ತಿಳಿಯಲು ಮೂರು ಹೆಣ ಬೇಕಾಯಿತು.
ನಾಲ್ವರಿಗೆ ಒಂದೊಂದು ಏಟು ಹಂಚಿದರೆ
ನಾಲ್ಕು ಕತ್ತಿಯೂ ಹಾಗೇ ಇರುತ್ತವೆ;
ನಾಲ್ಕೂ ಏಟು ಒಬ್ಬನಿಗೇ ಬೀಳಲಿ, ಆಮೇಲೆ ಪಕ್ಕದವನು.
ಎದುರಿಗೆ ಅಬ್ಬರಿಸುವವನು ಕಾಯಲಿ,
ಮೆಟ್ಟಿಲ ಮೇಲೆ ಸದ್ದಿಲ್ಲದೆ ಬಾಣ ಹೂಡುವವನು ಮೊದಲು.
ಎಣ್ಣೆ ಚೆಲ್ಲುವುದು ಅವರು ಹತ್ತುವಾಗ,
ನಾವು ಇಳಿಯುವಾಗ ಅಲ್ಲ.
(ಇದನ್ನು ಎಲ್ಯಾಸ್ ಎರಡು ಸಲ ಕಲಿತ.)

ಒಂದನ್ನು ಮಾತ್ರ ಯಾರೂ ಕಲಿಯಲಿಲ್ಲ.
ನಾನೂ ಹೇಳಿಕೊಡಲಿಲ್ಲ.

ಇವತ್ತು ಸೇತುವೆ. ತೌನೊ ನೆಲಕ್ಕೆ ಬಿದ್ದಿದ್ದಾನೆ,
ಉಸಿರು ಇನ್ನು ಮೂರು ಸರದಿ.
ಸೈಮಿಯ ಭರ್ಜಿ ಮುರಿದಿದೆ.
ಉಪ್ಪಿನ ಡಬ್ಬಿ ಒಂದೇ ಚೌಕ ಆಚೆ.
ಎಲ್ಯಾಸ್‌ನ ಅಂಗೈಯಲ್ಲಿ ಇಪ್ಪತ್ತು ಮುಖದ ದಾಳ,
ಹದಿನೇಳಾದರೂ ಬೀಳಬೇಕು.
ಬಿದ್ದರೂ ರಕ್ಕಸ ಸಾಯುವುದಿಲ್ಲ,
ಅದು ನನ್ನ ನೋಟುಬುಕ್ಕಿಗೆ ಮಾತ್ರ ಗೊತ್ತು.
ತೌನೊನ ಹೆಸರಿನ ಪಕ್ಕ ಆಗಲೇ
ಪೆನ್ಸಿಲಿನಲ್ಲಿ ಸಣ್ಣ ಗೀಟು ಎಳೆದಿದ್ದೆ.

ದಾಳವನ್ನು ಅವನು ಮೇಜಿನ ಮೇಲಿಟ್ಟ.
ಎಸೆಯಲಿಲ್ಲ, ಇಟ್ಟ.
"ಅವನ ತೂಕ ಎಷ್ಟು?" ಅಂದ.

ಮೂರು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ.
ನಿಯಮದ ಪುಸ್ತಕ ತಿರುವಿದೆ,
ಕಾಫಿ ಕಲೆಗೆ ಅಂಟಿಕೊಂಡ ಎರಡು ಹಾಳೆ ಬಿಡಿಸಿದೆ.
ಮೈ, ಕವಚ, ಕೊಡಲಿ: ನಿನ್ನ ಬಲಕ್ಕೆ ಮೀರಿದ್ದು.
"ಕೊಡಲಿ ಬಿಟ್ಟರೆ?"
ಎಳೆಯಬಹುದು. ಎರಡು ಚೌಕ. ಬಾಗಿಲ ತನಕ.

ಯಾರೂ ತೌನೊನ ಮುಖ ನೋಡಲಿಲ್ಲ.
ಆ ಕೊಡಲಿಗೆ ಅವನು ಎರಡು ಚಳಿಗಾಲ ದುಡಿದಿದ್ದ.
ಅದಕ್ಕೊಂದು ಹೆಸರಿತ್ತು, ಸತ್ತುಹೋದ ನಾಯಿಯದು.
ಪ್ರಜ್ಞೆ ತಪ್ಪಿದವನು ಮಾತಾಡುವಂತಿಲ್ಲ, ನಿಯಮ.
ಅವನು ಮಾತಾಡಲಿಲ್ಲ.
ಬನ್ನಿನ ತಟ್ಟೆಯನ್ನು ಹುಡುಗನ ಕಡೆ ತುಸು ಸರಿಸಿದ.

ಹುಡುಗ ಬೆಲ್ಟು ಹಿಡಿದು ಎಳೆದ. ಸೈಮಿ ಅಗುಳಿ ಜಡಿದಳು.
ರಕ್ಕಸ ಗುದ್ದಿದ; ಪರದೆಯ ಮರೆಯಲ್ಲಿ
ನಾನು ದಾಳ ಎಸೆದೆ.
ಎರಡು ಬಿತ್ತು. ನಂಬುವವರು ನಂಬಲಿ.

ಗೆದ್ದವರಿಲ್ಲ, ಚಪ್ಪಾಳೆಯಿಲ್ಲ.
ಟೋಪಿ, ಕೈಗವಸು, ಶಾಲು.
ಮೆಟ್ಟಿಲು ಮಂಜುಗಟ್ಟಿದೆ ಎಂದು ಕೆಳಗಿಂದ ಸೈಮಿ ಕೂಗಿದಳು.
ಗೀಟು ಅಳಿಸಿದೆ. ಅಲ್ಲಿ ಕಾಗದ ತುಸು ತೆಳುವಾಯಿತು.
ಪೆನ್ಸಿಲು ಚೂಪು ಮಾಡಿ
ನನ್ನ ಕಡೆಯವರ ಪಟ್ಟಿಯಲ್ಲಿ ಬರೆದುಕೊಂಡೆ:
ಸೇತುವೆಯ ರಕ್ಕಸ. ಗಾಯ ಏಳು.
ಕೈಯಲ್ಲಿ ಈಗ ಒಂದು ಕೊಡಲಿ.